ಪದ್ಯವೋ ಪಾಠವೋ

ಸನತ್‌ನಗರ, ಹೈದರಾಬಾದ್
೯ ನವೆಂಬರ್ ೨೦೨೪

ಪೂಜ್ಯ ಗದಿಗೆಮ್ಮ ಅಕ್ಕನವರಿಗೆ,

ನಿಮ್ಮ ಶಿವದೇವಿಯ ಶರಣು. ಶ್ರಾವಣದಲ್ಲಿ ಬಂದ ಕಾಗದಕ್ಕೆ ದೀಪಾವಳಿ ಕಳೆದ ಮೇಲೆ ಉತ್ತರ ಬರೆಯಲು ಕೂತಿದ್ದೇನೆ. ಬೈಯಿರಿ, ಬೈಸಿಕೊಳ್ಳುತ್ತೇನೆ. ಫೋನ್ ಹಚ್ಚೋಣವೆಂದರೆ ನಿಮ್ಮ ಕಿವಿ ಈಗ ಪೂರ್ತಿ ಮುನಿಸಿಕೊಂಡಿದೆ. ಹೋದ ಸಲ ನಾನು "ಆರಾಮ ಅದೀರೇನ್ರಿ?" ಎಂದು ಓಣಿಗೆಲ್ಲ ಕೇಳಿಸುವಂತೆ ಕೂಗಿದರೆ ನೀವು "ಈ ವರ್ಷ ಟಮಾಟಿ ಹಚ್ಚಿಲ್ಲವ್ವ" ಎಂದಿರಿ. ನಕ್ಕು ಸಾಕಾಯಿತು, ಆಮೇಲೆ ಯಾಕೋ ಅಳು ಬಂತು. ಕಾಗದವೇ ಸರಿ. ಸುರಪುರದಲ್ಲಿ ಚಳಿ ಬಿದ್ದಿದೆಯೇ? ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದೀರಿ ತಾನೆ?

ನನ್ನ ಹೊಸ ಸುದ್ದಿ ಎಂದರೆ, ಜೂನ್ ತಿಂಗಳಿಂದ ಮತ್ತೆ ಪಾಠ ಹೇಳುತ್ತಿದ್ದೇನೆ. ಲಿಂಗಂಪಲ್ಲಿಯ ಆಚೆ ದೊಡ್ಡ ದೊಡ್ಡ ಕಟ್ಟಡಗಳು ಏಳುತ್ತಿವೆ. ಅಲ್ಲಿ ದುಡಿಯುವವರ ಮಕ್ಕಳಿಗಾಗಿ ಇಲ್ಲಿಯ ಕನ್ನಡ ವ್ಯಾಪಾರಸ್ಥರು ಕೂಡಿ ಒಂದು ಟ್ರಸ್ಟ್ ಮಾಡಿಕೊಂಡು ಶಾಲೆ ನಡೆಸುತ್ತಾರೆ. ಶಾಲೆ ಎಂದರೆ ತಗಡಿನ ಶೆಡ್ಡು, ಒಂದು ಬೋರ್ಡು, ನೀರಿನ ಡ್ರಮ್ಮು, ಅಷ್ಟೆ. ಭರತ್‌ನಗರದಲ್ಲಿ ಲೋಕಲ್ ರೈಲು ಹತ್ತಿದರೆ ಲಿಂಗಂಪಲ್ಲಿಯೇ ಕೊನೆಯ ಸ್ಟೇಷನ್ನು. ಅಲ್ಲಿಂದ ಶೇರ್ ಆಟೊ. ಮಕ್ಕಳೆಲ್ಲ ನಮ್ಮ ಕಡೆಯವರೇ. ಯಾದಗಿರಿ, ಶಹಾಪುರ, ದೇವದುರ್ಗ. ಮೊದಲ ದಿನ ಒಂದು ಹುಡುಗಿ, ಶಾಲೆಯಲ್ಲಿ ನಾವು ನಿಮ್ಮನ್ನು ಕರೆಯುತ್ತಿದ್ದ ಹಾಗೆ, "ಅಕ್ಕೋರೆ" ಎಂದು ಕರೆದಾಗ ನಾನು ನಿಮ್ಮನ್ನು ಹುಡುಕಿ ಹಿಂದೆ ತಿರುಗಿ ನೋಡಿದೆ, ನಂಬುತ್ತೀರಾ?

ಈ ಮಕ್ಕಳದು ವಿಚಿತ್ರ ಪರಿಸ್ಥಿತಿ ಅಕ್ಕ. ಮನೆಯಲ್ಲಿ ನಮ್ಮ ಮಾತು, ಸೈಟಿನಲ್ಲಿ ಹಿಂದಿ, ಅಂಗಡಿಗೆ ಹೋದರೆ ತೆಲುಗು. ಮೂರರಲ್ಲೂ ಚುರುಕು. ಆದರೆ ಮೂರರಲ್ಲೂ ಶಬ್ದಗಳು ಬೇಗ ತೀರಿಹೋಗುತ್ತವೆ. ತೀರಿದ ಕೂಡಲೇ "ಅದು" ಬರುತ್ತದೆ. "ಅಕ್ಕೋರೆ, ಅದರಾಗ ಅದು ಬಿದ್ದು ಹಿಂಗ ಆಗೈತ್ರಿ" ಎಂದು ಕೈ ಆಡಿಸಿದರೆ ನಾನೇ ಎದ್ದು ಹೋಗಿ ಯಾವುದರಲ್ಲಿ ಯಾವುದು ಬಿದ್ದಿದೆ ಎಂದು ನೋಡಿ ಬರಬೇಕು.

ಟ್ರಸ್ಟಿನಲ್ಲಿ ಶ್ರೀಲಕ್ಷ್ಮಿ ಎಂಬ ಹುಡುಗಿಯಿದ್ದಾಳೆ, ಕಲಿಕೆಯ ಉಸ್ತುವಾರಿ ಅವಳದು. ಮನೆಮಾತು ತೆಲುಗು, ಅಜ್ಜಿ ರಾಯಚೂರಿನವರಾದ್ದರಿಂದ ಕನ್ನಡ ಬರುತ್ತದೆ. ಅವಳು ಒಂದು ಹೊಸ ರೀತಿ ಹೇಳಿಕೊಟ್ಟಳು. ಒಂದೇ ವಿಷಯದ ಮೇಲೆ ಒಂದು ಪದ್ಯ ಓದಬೇಕು, ಜೊತೆಗೆ ಒಂದು ಮಾಹಿತಿಯ ಪಾಠ ಓದಬೇಕು. "ಒಂದೇ ಶಬ್ದ ಎರಡೂ ಕಡೆ ಸಿಗಬೇಕಕ್ಕ. ಆಗ ಮಕ್ಕಳು ಅದನ್ನ ಬಿಡೋದಿಲ್ಲ, ಗಟ್ಟಿಯಾಗಿ ಹಿಡ್ಕೊಳ್ತಾರೆ" ಎಂದಳು. ಇದೂ ಒಂದು ಹೊಸ ಫ್ಯಾಶನ್ ಇರಬೇಕು ಎಂದುಕೊಂಡೆ. ನೀವು ಕಲಿಸಿದ ಹಾಗೆ ಕಠಿಣ ಪದ, ಅರ್ಥ, ಸ್ವಂತ ವಾಕ್ಯ ಎಂದು ಬರೆಸಿಯೇ ನನಗೆ ಅಭ್ಯಾಸ. ಆದರೂ ಮಾಡಿದೆ. ಹೊಂದುವಂಥ ಪದ್ಯ ಸಿಗದಿದ್ದಾಗ ನಾನೇ ಕಟ್ಟಿದೆ. ನಗಬೇಡಿ:

ಬಾವಿಯ ತಳದಲಿ ಚಂದಿರ ಮಾಮ
ಹಾಸಿಗೆ ಹಾಸಿ ಮಲಗಿದ್ದ.
ಕೊಡವನು ಇಳಿಸಿದ ಅಜ್ಜಿಯ ನೋಡಿ
ಕಿಲಕಿಲ ನಗುತ ಕದಡಿದ್ದ.

ಇದರ ಜೊತೆ ಬಾವಿಯಲ್ಲಿ ನೀರು ಹೇಗೆ ಬರುತ್ತದೆ ಎಂಬ ಪಾಠ. ಅಂತರ್ಜಲ, ಒಸರು, ಪದರ, ತಳ. ಕೆಸರು ಮೇಲೆದ್ದಾಗ ನೀರು ಕದಡುತ್ತದೆ ಎಂದು ಅಲ್ಲಿಯೂ ಬರುತ್ತದೆ. ಬಾವಿಯನ್ನೇ ಕಾಣದ ಮಕ್ಕಳು; ಅವರಿಗೆ ನೀರೆಂದರೆ ಟ್ಯಾಂಕರು. ನಾನು ಬಕೀಟಿನಲ್ಲಿ ಮಣ್ಣು ಹಾಕಿ ನೀರು ಸುರಿದು ಕೈಯಾಡಿಸಿ ತೋರಿಸಿದೆ. "ಕದಡಿತು!" ಎಂದು ಇಡೀ ಶೆಡ್ಡು ಕೂಗಿತು. ಮರುದಿನ ಒಬ್ಬಳು ಬಂದು "ಅಕ್ಕೋರೆ, ಅವ್ವ ಚಾ ಕದಡಿದ್ಲು" ಎಂದಳು. ಚಹಾವನ್ನು ಕಲಕುತ್ತಾರೆ, ಕದಡುವುದಿಲ್ಲ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ. ಶಬ್ದ ಕೈಗೆ ಸಿಕ್ಕ ಖುಷಿಯನ್ನು ಯಾಕೆ ಕೆಡಿಸಲಿ?

ಈಗ ಭಾಗ್ಯಶ್ರೀಯ ವಿಷಯ. ಇದನ್ನು ಹೇಳಲೆಂದೇ ಈ ಕಾಗದ. ಸುರಪುರ ತಾಲೂಕಿನವಳೇ. ತಂದೆ ಮೌನಪ್ಪ ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸದವನು, ತಾಯಿ ಹಂಪಮ್ಮ ಸಿಮೆಂಟು ಹೊರುತ್ತಾಳೆ. ಚನ್ನು ಎಂಬ ತಮ್ಮನೊಬ್ಬ ಊರಲ್ಲಿ ಅಜ್ಜಿಯ ಹತ್ತಿರ ಇದ್ದಾನಂತೆ. ಶಾಲೆಗೆ ಹೆಸರು ಹಚ್ಚುವಾಗ ಮೌನಪ್ಪ ಹೇಳಿದ್ದ. ಹುಡುಗಿಗೆ ಎಂಟು ವರ್ಷ. ಬಂದಾಗಿನಿಂದ ಕೈಸನ್ನೆಯಲ್ಲೇ ಮಾತು. ನೀರು ಬೇಕಾದರೆ ಡ್ರಮ್ಮು ತೋರಿಸುವುದು, ಹೊರಗೆ ಹೋಗಬೇಕಾದರೆ ಬಾಗಿಲು ತೋರಿಸುವುದು. ಮೂಗಿಯೇನೋ ಎಂದು ಶ್ರೀಲಕ್ಷ್ಮಿ ಅನುಮಾನಪಟ್ಟಿದ್ದಳು.

ಬಾವಿಯ ಪದ್ಯ ಓದಿದ ದಿನ ಅವಳು ಎದ್ದು ನಿಂತಳು. "ಅಕ್ಕೋರೆ, ಪದ್ಯದಾಗ ಚಂದ್ರಾಮ ಬಾವ್ಯಾಗ ಅದಾನ. ಪಾಠದಾಗ ಬರೇ ನೀರ ಐತಿ. ಎರಡೂ ಖರೆ ಹೆಂಗ ಆಗತಾವ್ರಿ?"

ಅಷ್ಟುದ್ದ ಮಾತು! ನಾನು ಬಾಯಿಗೆ ಬಂದದ್ದನ್ನು ಹೇಳಿದೆ: "ಪಾಠ ಆಗಿದ್ದನ್ನ ಹೇಳತೈತವ್ವ. ಪದ್ಯ ಅನಿಸಿದ್ದನ್ನ ಹೇಳತೈತಿ." ಸರಿಯೋ ತಪ್ಪೋ ಗೊತ್ತಿಲ್ಲ. ಅವಳು ತಲೆಯಾಡಿಸಿ ಕೂತಳು.

ವಾರದ ಬಳಿಕ, ಕಲಿತ ಶಬ್ದಗಳನ್ನು ಹಾಕಿ ನಿಮ್ಮ ಮನೆಯ ಬಗ್ಗೆ ಏನಾದರೂ ಹೇಳಿ ಎಂದೆ. ಎಲ್ಲರೂ ಅವ್ವ, ಅಪ್ಪ, ಟಿವಿ ಎಂದರು. ಭಾಗ್ಯಶ್ರೀ ನಿಂತು ಇದನ್ನು ಹೇಳಿದಳು. ನಾನು ಬೋರ್ಡಿನ ಮೇಲೆ ಬರೆಯುತ್ತಾ ಹೋದೆ:

ನನ್ನ ತಮ್ಮ ನೀರಿನ ತಳದಾಗ ಮನಿ ಮಾಡ್ಯಾನ.
ಅಂವ ಇಳಿದಾಗ ನೀರು ಕದಡಿತ್ತು.
ಆಮ್ಯಾಲ ಸುಮ್ಮಗಾತು.
ಈಗ ಮ್ಯಾಲ ನೆಲ ಹಾಸ್ಯಾರ.
ನೆಲದ ಮ್ಯಾಲ ಗಾಡಿ ನಿಂತಾವ.
ನಾ ಕರದ್ರ ಅವಗ ಕೇಳ್ಸೂದಿಲ್ಲ.

ಓದಿದಿರಾ ಅಕ್ಕ? ಊರಲ್ಲಿರುವ ತಮ್ಮನ ನೆನಪಿಗೆ ಈ ಕೂಸು ಕಟ್ಟಿದ ಪದ್ಯ! ನಾನು ಪದ್ಯದಲ್ಲಿ ಚಂದ್ರನನ್ನು ಬಾವಿಗಿಳಿಸಿದೆ, ಇವಳು ತಮ್ಮನನ್ನು ಇಳಿಸಿದ್ದಾಳೆ. ಓಡಿಹೋಗಿ ತಬ್ಬಿಕೊಂಡೆ. "ಎಷ್ಟ ಚಂದ ಪದ್ಯ ಹೇಳಿದೆವ್ವ!" ಎಂದೆ. ಶ್ರೀಲಕ್ಷ್ಮಿಗೆ ಓದಿ ತೋರಿಸಿದೆ. ಅವಳ ಕಣ್ಣು ತುಂಬಿತು. ಈ ತಿಂಗಳ ಕೊನೆಗೆ ನಡೆಯುವ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಇದನ್ನೇ ಹೇಳಿಸುವುದೆಂದು ಗೊತ್ತು ಮಾಡಿದ್ದೇವೆ.

ಒಂದೇ ಒಂದು ಸಂಗತಿ ಚುಚ್ಚುತ್ತಿದೆ. ನಾನು ತಬ್ಬಿಕೊಂಡಾಗ ಅವಳು ಹಿಗ್ಗಲಿಲ್ಲ. ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ನಾವು ದಾರಿ ಕೇಳಿದಾಗ ಯಾರಾದರೂ ನಮಗೆ ಕುಡಿಯಲು ನೀರು ತಂದುಕೊಟ್ಟರೆ ನೋಡುತ್ತೇವಲ್ಲ, ಹಾಗೆ. ಮಕ್ಕಳ ಮುಖ ಓದುವುದರಲ್ಲಿ ನೀವು ಗಟ್ಟಿಗರು. ಇದು ಏನಿರಬಹುದು? ತಿಳಿದರೆ ಬರೆಯಿರಿ.

ನಿಮ್ಮ ಹರಕೆ ನನ್ನ ಈ ಮಕ್ಕಳ ಮೇಲೂ ಇರಲಿ.

ನಿಮ್ಮ
ಶಿವದೇವಿ

*

ಸನತ್‌ನಗರ
೮ ಡಿಸೆಂಬರ್ ೨೦೨೪

ಪ್ರೀತಿಯ ಅಕ್ಕನವರಿಗೆ,

ಶರಣು. ನಿಮ್ಮ ಉತ್ತರ ಇನ್ನೂ ಬಂದಿಲ್ಲ, ದಾರಿಯಲ್ಲಿರಬಹುದು. ಅದು ಬರುವವರೆಗೆ ತಡೆಯಲಾಗದೆ ಮತ್ತೆ ಬರೆಯುತ್ತಿದ್ದೇನೆ. ಅಕ್ಷರ ವಾರೆಕೋರೆಯಾಗಿದ್ದರೆ ಕ್ಷಮಿಸಿ. ಈ ಹದಿನೈದು ದಿನ ನನ್ನ ತಲೆ ನೆಟ್ಟಗಿಲ್ಲ. ಮೊನ್ನೆ ರೈಲಿನಲ್ಲಿ ಕೂತು ನನ್ನ ಸ್ಟೇಷನ್ನು ದಾಟಿ ಬೇಗಂಪೇಟೆಯವರೆಗೆ ಹೋಗಿಬಿಟ್ಟೆ.

ಕಾರ್ಯಕ್ರಮ ನವೆಂಬರ್ ೨೪ರ ಭಾನುವಾರ ಇತ್ತು, ಅಮೀರ್‌ಪೇಟ್‌ನ ಒಂದು ಬಾಡಿಗೆ ಹಾಲಿನಲ್ಲಿ. ಟ್ರಸ್ಟಿನವರು ಬಸ್ಸು ಮಾಡಿ ಮಕ್ಕಳನ್ನೂ ತಂದೆತಾಯಂದಿರನ್ನೂ ಕರೆಸಿದ್ದರು. ಹಂಪಮ್ಮ ಹಸಿರು ಇಳಕಲ್ ಸೀರೆ ಉಟ್ಟು, ತುರುಬಿಗೆ ಹೂವು ಮುಡಿದು ಬಂದಿದ್ದಳು. ಮೌನಪ್ಪ ಇಸ್ತ್ರಿ ಮಾಡಿದ ಅಂಗಿ. ಮಗಳು ಸ್ಟೇಜಿನ ಮೇಲೆ ಮಾತಾಡುತ್ತಾಳೆ ಎಂಬುದೇ ಅವರಿಗೆ ದೊಡ್ಡದು. ಏನು ಮಾತಾಡುತ್ತಾಳೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅಚ್ಚರಿಯಾಗಲಿ ಎಂದುಕೊಂಡಿದ್ದೆ ಅಕ್ಕ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ.

ಭಾಗ್ಯಶ್ರೀ ಮೈಕಿನ ಮುಂದೆ ನಿಂತು ಒಂದೂ ತಪ್ಪದೆ ಹೇಳಿದಳು. ಮುಗಿದ ಕೂಡಲೇ ಜನರ ಚಪ್ಪಾಳೆ. ಮುಖ್ಯ ಅತಿಥಿಗಳು ಎದ್ದು ಬಂದು ಶಾಲು ಹೊದಿಸಿದರು. ಆ ಗದ್ದಲದಲ್ಲಿ ಹಂಪಮ್ಮ ಕುರ್ಚಿಯಿಂದ ಎದ್ದು ಹೊರಗೆ ಹೋಗುವುದು ಕಂಡಿತು. ಸಂತೋಷ ತಡೆಯಲಾರದೆ ಹೋಗುತ್ತಿದ್ದಾಳೆ ಎಂದುಕೊಂಡು ನಾನೂ ಹಿಂದೆ ಹೋದೆ.

ಚಪ್ಪಲಿ ಬಿಡುವ ಕಡೆ ಮೆಟ್ಟಿಲ ಮೇಲೆ ಕೂತಿದ್ದಳು. ನಾನು ನಗುನಗುತ್ತಾ, "ನೋಡಿದ್ರೇನ್ರಿ, ನಿಮ್ಮ ಮಗಳು ಎಂಥಾ ಪದ್ಯ ಹೇಳಿದ್ಲು!" ಎಂದೆ.

ಹಂಪಮ್ಮ ಮುಖ ಎತ್ತಿದಳು. "ಅದು ಪದ್ಯ ಅಲ್ರಿ ಅಕ್ಕೋರೆ."

ಅಷ್ಟು ಹೇಳಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನಗೆ ಆಗಲೂ ಅರ್ಥವಾಗಲಿಲ್ಲ. ಮೌನಪ್ಪ ಓಡಿ ಬಂದ. ಹೆಂಡತಿಯನ್ನು ನೋಡಿ, ನನ್ನನ್ನು ನೋಡಿ, ಕೈ ಮುಗಿದು ನಿಂತ. ಅವನೇ ಹೇಳಿದ.

ಹೋದ ವರ್ಷದ ಮಳೆಗಾಲದಲ್ಲಿ ಅವರು ಬೇರೆ ಕಡೆ ಕೆಲಸದಲ್ಲಿದ್ದರು. ಬುನಾದಿಗೆ ತೆಗೆದ ಗುಂಡಿಯಲ್ಲಿ ಮಳೆನೀರು ನಿಂತಿತ್ತು. ಚನ್ನು ತನ್ನ ಚಪ್ಪಲಿಯನ್ನು ದೋಣಿ ಮಾಡಿ ತೇಲಿಬಿಡಲು ಹೋಗಿದ್ದ. ಅಷ್ಟೇ. ಅವನನ್ನು ಮೇಲೆ ತೆಗೆದು, ಅಂದೇ ಸಂಜೆ ಹತ್ತಿರದ ಕೆರೆಯ ದಂಡೆಯ ಸ್ಮಶಾನದಲ್ಲಿ ಮಣ್ಣು ಮಾಡಿದರು. ಭಾಗ್ಯಶ್ರೀಯನ್ನು ನೆರೆಯ ಗುಡಿಸಲಿನಲ್ಲಿ ಬಿಟ್ಟು ಹೋಗಿದ್ದರು. ಬಂದ ಮೇಲೆ, ತಮ್ಮ ಊರಿಗೆ ಅಜ್ಜಿಯ ಹತ್ತಿರ ಹೋಗಿದ್ದಾನೆ ಎಂದು ಹೇಳಿದರು. ಅವಳು ಫೋನಿನಲ್ಲಿ ಕೇಳಿದಾಗಲೆಲ್ಲ ಅಜ್ಜಿ "ಆಡಾಕ ಹೋಗ್ಯಾನವ್ವ" ಎನ್ನುತ್ತಾಳಂತೆ.

"ಅಕಿ ನೋಡಿಲ್ರಿ ಅಕ್ಕೋರೆ," ಎಂದ ಮೌನಪ್ಪ. "ಅಂವ ಬಿದ್ದಾಗ ಅಕಿ ನಾವಿದ್ದ ಶೆಡ್ಡಿನ್ಯಾಗ ಮಲಗಿದ್ಲು. ನಾವು ಬಂದಾಗ ನಿದ್ದಿ ಹತ್ತಿತ್ತು ಅಕೀಗೆ. ಏನೋ ಕನಸ ಕಂಡಿರಬೇಕು."

ಹಂಪಮ್ಮ ಸೆರಗು ತೆಗೆದಳು. "ನೀರ ಕದಡಿದ್ದು ಯಾರ ಹೇಳ್ಯಾರ ಅಕೀಗೆ? ಅಂವ ಇಳಿಯೂವಾಗ ಅಲ್ಲಿ ಯಾರಿದ್ರು? ಅಕಿ ನೋಡ್ಯಾಳ. ನೋಡಿ ಬಂದು ಕಣ್ಣ ಮುಚ್ಚಿ ಬಿದ್ಕೊಂಡಾಳ. ಇಷ್ಟ ದಿನ ನಾವು ಸುಳ್ಳ ಹೇಳ್ಕೋತ ಬಂದ್ವಿ, ಅಕಿ ಕೇಳ್ಕೋತ ಬಂದ್ಲು."

ಒಳಗೆ ಇನ್ನೂ ಚಪ್ಪಾಳೆ ಕೇಳುತ್ತಿತ್ತು. ಬೇರೆ ಯಾವುದೋ ಮಗುವಿಗೆ ಇರಬೇಕು.

ಆ ಗುಂಡಿಯ ಮೇಲೆ ಈಗ ಪಾರ್ಕಿಂಗ್ ಆಗಿದೆಯಂತೆ. ಅವರು ಅಲ್ಲಿಂದ ಬಿಡುವ ಮುಂಚೆಯೇ ಮುಚ್ಚಿ, ಕಾಂಕ್ರೀಟು ಹಾಕಿ, ಗಾಡಿ ನಿಲ್ಲಿಸತೊಡಗಿದ್ದರು. ಅವಳು ಹೇಳಿದ್ದೆಲ್ಲ ಇದ್ದದ್ದು ಇದ್ದ ಹಾಗೆ. ನಾನು ಅದಕ್ಕೆ ಅಭಿನಯ ಸೇರಿಸಿ, ಎಲ್ಲಿ ನಿಲ್ಲಬೇಕು ಎಲ್ಲಿ ಧ್ವನಿ ಇಳಿಸಬೇಕು ಎಂದು ಅಭ್ಯಾಸ ಮಾಡಿಸಿದ್ದೆ ಅಕ್ಕ. "ಕೇಳ್ಸೂದಿಲ್ಲ ಅನ್ನೂವಾಗ ಸ್ವಲ್ಪ ಮೇಲೆ ನೋಡವ್ವ" ಎಂದಿದ್ದೆ. ಅವಳು ಮೇಲೆ ನೋಡಲಿಲ್ಲ. ಎಷ್ಟು ಹೇಳಿದರೂ ಕೆಳಗೇ ನೋಡುತ್ತಿದ್ದಳು.

ಶ್ರೀಲಕ್ಷ್ಮಿ ಅದರ ವಿಡಿಯೊ ಮಾಡಿ ಟ್ರಸ್ಟಿನ ಪುಟಕ್ಕೆ ಹಾಕಿದ್ದಳು. ಬಹಳ ಜನ ನೋಡಿ ಹಂಚಿದ್ದರು. ವಿಷಯ ತಿಳಿಸಿದ ಕೂಡಲೇ ಅಲ್ಲಿಯೇ ಕೂತು ತೆಗೆದುಹಾಕಿದಳು. ಆಮೇಲೆ, "ಅಕ್ಕ, ನಾವು ಒಳ್ಳೇದು ಮಾಡಿದ್ವೋ ಕೆಟ್ಟದ್ದು ಮಾಡಿದ್ವೋ?" ಎಂದು ನನ್ನನ್ನೇ ಕೇಳಿದಳು. ನಾನು ಯಾರನ್ನು ಕೇಳಲಿ?

ಮರುದಿನ ಸೋಮವಾರ ಭಾಗ್ಯಶ್ರೀ ಎಲ್ಲರಿಗಿಂತ ಮೊದಲೇ ಬಂದು ಬೋರ್ಡಿನ ಹತ್ತಿರ ನಿಂತಿದ್ದಳು.

"ಅಕ್ಕೋರೆ, ನಂದು ಪದ್ಯ ಏನ್ರಿ, ಪಾಠ ಏನ್ರಿ?"

ನಾನೇ ಹೇಳಿಕೊಟ್ಟ ಮಾತಲ್ಲವೇ? ಪಾಠ ಆಗಿದ್ದನ್ನು ಹೇಳುತ್ತದೆ, ಪದ್ಯ ಅನಿಸಿದ್ದನ್ನು ಹೇಳುತ್ತದೆ. ಅವಳು ಕೇಳುತ್ತಿರುವುದು ನೇರವಾಗಿ ಇದನ್ನೇ: ನನಗೆ ಅನಿಸಿದ್ದೇ, ಆಗಿದ್ದೇ? ಒಂದೂವರೆ ವರ್ಷ ಮನೆಯಲ್ಲಿ ಯಾರೂ ಹೇಳದ್ದನ್ನು ನನ್ನ ಬಾಯಿಂದ ಕೇಳಬೇಕೆಂದು ನಿಂತಿದ್ದಾಳೆ. ನಾನು "ನಾಳೆ ನೋಡೂಣವ್ವ" ಎಂದು ಹಾಜರಿ ತೆಗೆಯಲು ಕೂತೆ. ಆ ನಾಳೆ ಇನ್ನೂ ಬಂದಿಲ್ಲ.

ಮೌನಪ್ಪ ಗೇಟಿನ ಹತ್ತಿರ ಕಾದಿದ್ದು ಕೈ ಹಿಡಿದುಕೊಂಡು ಹೇಳುತ್ತಾನೆ: "ಪದ್ಯ ಅಂತ ಹೇಳಿಬಿಡ್ರಿ ಅಕ್ಕೋರೆ. ನೀವು ಹೇಳಿದ್ರ ನಂಬತಾಳ. ಸಣ್ಣ ಕೂಸು, ಮರೀತಾಳ." ಹಂಪಮ್ಮ ಹೇಳುತ್ತಾಳೆ: "ಖರೆ ಹೇಳಿಬಿಡ್ರಿ. ನನ್ನ ಬಾಯಾಗ ಆ ಮಾತ ಬರವಲ್ದು." ಇಬ್ಬರೂ ನನ್ನನ್ನೇ ಕೇಳುತ್ತಾರೆ. ಒಬ್ಬರನ್ನು ನೋಡಿದರೆ ಅವರದು ಸರಿ ಎನಿಸುತ್ತದೆ, ಇನ್ನೊಬ್ಬರನ್ನು ನೋಡಿದರೆ ಇವರದು.

ಹುಡುಗಿ ಮತ್ತೆ ಕೈಸನ್ನೆಗೆ ಇಳಿದಿದ್ದಾಳೆ. ನಿನ್ನೆ ನೀರಿಗೆ ಡ್ರಮ್ಮು ತೋರಿಸಿದಳು. ಕಲಿಸಿದ ಶಬ್ದವನ್ನೆಲ್ಲ ಒಂದೊಂದಾಗಿ ನನಗೆ ವಾಪಸು ಕೊಡುತ್ತಿರುವಂತೆ ಅನಿಸುತ್ತಿದೆ.

ಅಕ್ಕ, ನೀವು ಎಷ್ಟು ಮಕ್ಕಳನ್ನು ಕಂಡವರು. ನಾನೇನು ಮಾಡಲಿ? ಬೇಗ ಬರೆಯಿರಿ. ಕಿವಿ ಇದ್ದಿದ್ದರೆ ಈಗಲೇ ಫೋನ್ ಹಚ್ಚಿ ಅತ್ತುಬಿಡುತ್ತಿದ್ದೆ.

ನಿಮ್ಮವಳೇ
ಶಿವದೇವಿ

*

ಸನತ್‌ನಗರ
೨ ಫೆಬ್ರವರಿ ೨೦೨೫

ಅಕ್ಕನವರಿಗೆ,

ನಿಮ್ಮ ಶಿವದೇವಿಯ ಶರಣು. ನಿಮ್ಮ ಎರಡೂ ಕಾಗದ ಮುಟ್ಟಿದವು. ಎಳ್ಳು-ಬೆಲ್ಲದ ಪುಡಿಕೆಯೂ ಮುಟ್ಟಿತು. ಅಂಚೆಯವನು ಮೂಸಿ ನೋಡಿ ಕೊಟ್ಟ. ಉತ್ತರ ಮತ್ತೆ ತಡವಾಯಿತು. ಈ ಸಲ ತಡ ಮಾಡಿದ್ದು ಸೋಮಾರಿತನದಿಂದಲ್ಲ, ಏನು ಬರೆಯಬೇಕೆಂದು ತಿಳಿಯದೆ.

ನೀವು ಬರೆದಿದ್ದಿರಿ: "ಆ ಮಾತು ನಿನ್ನದಲ್ಲ, ತಾಯಿಯದು. ಅವಳ ಬಾಯಿಂದಲೇ ಬರಲಿ. ಬರುವ ತನಕ ನೀನು ಅವಳ ಪಕ್ಕದಲ್ಲಿ ಕೂಡು." ಓದಿ ಮೊದಲು ಸಿಟ್ಟು ಬಂತು. ದಾರಿ ಕೇಳಿದರೆ ಕೂಡು ಎನ್ನುತ್ತಾರಲ್ಲ ಎಂದು. ಆದರೆ ಬೇರೇನೂ ತೋಚದೆ ಅದನ್ನೇ ಮಾಡಿದೆ. ಶಾಲೆ ಬಿಟ್ಟ ಮೇಲೆ ಹಂಪಮ್ಮ ರೊಟ್ಟಿ ಬಡಿಯುವಾಗ ಅವಳ ಒಲೆಯ ಹತ್ತಿರ ಹೋಗಿ ಕೂರುತ್ತಿದ್ದೆ. ಮೊದಮೊದಲು ಅವಳು ಜೋಳದ ಹಿಟ್ಟು, ಮೇಸ್ತ್ರಿ, ಸೊಂಟನೋವು ಇಷ್ಟನ್ನೇ ಮಾತಾಡಿದಳು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ರೊಟ್ಟಿ ತಿರುವಿ ಹಾಕುತ್ತಾ, "ಚನ್ನುಗ ಒಣಾ ಕಟಿ ರೊಟ್ಟಿ ಭಾಳ ಸೇರತಿತ್ರಿ" ಎಂದಳು. ಸೇರತಿತ್ತು. ಹಿಂದೆ ಅವನ ಮಾತು ಬಂದಾಗಲೆಲ್ಲ ಸೇರತೈತಿ ಎನ್ನುತ್ತಿದ್ದಳು. ಭಾಗ್ಯಶ್ರೀ ಅಲ್ಲೇ ಉಳ್ಳಾಗಡ್ಡಿ ಸುಲಿಯುತ್ತಿದ್ದಳು. ಅವಳ ಕೈ ನಿಂತಿತು. ಹಂಪಮ್ಮನಿಗೂ ತಾನು ಏನೆಂದೆ ಎಂಬುದು ತಿಳಿಯಿತು. ರೊಟ್ಟಿ ಕರಕಾಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

"ಐತಾರ ಕೆರಿ ದಂಡಿಗೆ ಹೋಗೂಣು ನಡಿ," ಎಂದಳು ಹಂಪಮ್ಮ, ಒಲೆಯನ್ನೇ ನೋಡುತ್ತಾ. "ಅಲ್ಲೆ ಹೇಳತೀನಿ ನಿನಗ. ಅಕ್ಕೋರು ಬರತಾರ."

ಹೋದ ಭಾನುವಾರ ಹೋದೆವು. ಮೌನಪ್ಪ ಬರುವುದಿಲ್ಲ ಎಂದು ಹಟ ಹಿಡಿದಿದ್ದ. ನಾವು ಆಟೊ ಇಳಿದು ನಡೆಯುತ್ತಿದ್ದಾಗ ತಿರುಗಿ ನೋಡಿದರೆ ದೂರದಲ್ಲಿ ಬರುತ್ತಿದ್ದ, ಟವೆಲನ್ನು ತಲೆಗೆ ಹಾಕಿಕೊಂಡು. ಸ್ಮಶಾನ ಚಿಕ್ಕದು. ಆಚೆ ಬದಿ ಅಪಾರ್ಟ್‌ಮೆಂಟುಗಳು, ಈಚೆ ಕೆರೆ, ನೀರಿನ ತುಂಬಾ ಅಂತರಗಂಗೆ. ಹಂಪಮ್ಮ ಬೇವಿನ ಗಿಡದ ಬುಡದಿಂದ ಅಳೆದಂತೆ ನಡೆದು ಒಂದು ಕಡೆ ನಿಂತಳು. ಕಲ್ಲಿಲ್ಲ, ಗುರುತಿಲ್ಲ. ಬರೀ ಹುಲ್ಲು.

"ಇಲ್ಲಿ ಅದಾನ ನಿನ್ನ ತಮ್ಮ. ಸತ್ತು ಹೋಗ್ಯಾನವ್ವ. ನೀರಿನ್ಯಾಗ ಬಿದ್ದು ಸತ್ತ. ಊರಾಗ ಇಲ್ಲ."

ಹೀಗೆ ಹೇಳಿದಳು ಅಕ್ಕ. ನಾನು ಎಷ್ಟು ಪದ್ಯ, ಎಷ್ಟು ಪಾಠ ಓದಿದ್ದೇನೆ, ನನಗೆ ಇಷ್ಟು ಸಣ್ಣ ಮಾತುಗಳಲ್ಲಿ ಹೇಳಲು ಬರುತ್ತಿರಲಿಲ್ಲ.

ಭಾಗ್ಯಶ್ರೀ ಅಳುತ್ತಾಳೆಂದು ಕಾದೆ. ಅವಳು ಅಳಲಿಲ್ಲ, ಕೇಳತೊಡಗಿದಳು. ಪಾಠ ಮುಗಿದ ಮೇಲೆ ನಾನು ಮಕ್ಕಳಿಗೆ ಕೇಳುತ್ತೇನಲ್ಲ, ಯಾರು, ಎಲ್ಲಿ, ಹೇಗೆ ಎಂದು, ಥೇಟ್ ಹಾಗೆ. ಯಾರು ಎತ್ತಿದರು? ಯಾವ ಅಂಗಿ ಹಾಕಿದ್ದ? ಆಳ ಎಷ್ಟು ತೋಡಿದರು? ತಳದಲ್ಲಿ ನೀರು ಒಸರಿತ್ತೇ? ಹಂಪಮ್ಮ ಒಂದಕ್ಕೂ ತಪ್ಪಿಸದೆ ಉತ್ತರ ಕೊಟ್ಟಳು. "ನೀರ ಇರಲಿಲ್ಲವ್ವ. ಕೆಂಪು ಮಣ್ಣು. ಒಣಾ ಮಣ್ಣ ಇತ್ತು."

"ಹಂಗಾರ ಅಂವ ನೆಲದ ಬುಡಕ ಇಲ್ಲೇನು? ಆ ಗಾಡಿ ಅವನ ಮ್ಯಾಲ ನಿಂತಿಲ್ಲ?"

ಹಂಪಮ್ಮ ಗಕ್ಕನೆ ಅವಳನ್ನು ನೋಡಿದಳು. ನನಗೂ ಆಗಲೇ ಹೊಳೆದದ್ದು. ಈ ಕೂಸು ಇಷ್ಟು ದಿನ ತಮ್ಮ ಆ ಪಾರ್ಕಿಂಗಿನ ಅಡಿಯಲ್ಲೇ ಇದ್ದಾನೆಂದು ತಿಳಿದುಕೊಂಡಿತ್ತು. ಅವನ ಮೇಲೆ ಕಾಂಕ್ರೀಟು ಸುರಿದರು, ಅವನ ಮೇಲೆ ಗಾಡಿಗಳು ಬಂದು ನಿಲ್ಲುತ್ತವೆ ಎಂದು. ಇದು ಅವಳಿಗೆ ಪದ್ಯವಾಗಿರಲಿಲ್ಲ.

"ಇಲ್ಲವ್ವ, ಇಲ್ಲ. ಅವತ್ತ ತಗದ್ವಿ ಅವನ್ನ. ನಿಮ್ಮಪ್ಪನೇ ಎತಗೊಂಡ ಬಂದ. ಇಲ್ಲೇ ಅದಾನ. ಮ್ಯಾಲ ಹುಲ್ಲ ಅಷ್ಟ."

ಹುಡುಗಿ ಕುಕ್ಕರಗಾಲಲ್ಲಿ ಕೂತು ಹುಲ್ಲಿನ ಮೇಲೆ ಅಂಗೈ ಇಟ್ಟಳು. ಆಮೇಲೆ, ಯಾರನ್ನೂ ನೋಡದೆ, "ಅಂವ ಬಿದ್ದಾಗ ನಾ ನಿನ್ನ ಕೂಗಿದೆ ಎವ್ವಾ. ಕೂಗಿದೆ. ಧ್ವನಿ ಬರಲಿಲ್ಲ" ಎಂದಳು. ಆಗ ಅಳು ಬಂತು. ಹಂಪಮ್ಮ ಅವಳನ್ನು ಎದೆಗೆ ಒತ್ತಿಕೊಂಡು ಕೂತುಬಿಟ್ಟಳು. ಮೌನಪ್ಪ ಯಾವಾಗ ಹತ್ತಿರ ಬಂದನೋ, ಮಗಳ ಬೆನ್ನಿನ ಹಿಂದೆ ನಿಂತು, "ನೀ ಕೂಗಿದ್ರೂ ನಮಗ ಕೇಳ್ತಿದ್ದಿಲ್ಲ ಮಗಳ, ಕಾಂಕ್ರೀಟ್ ಮಿಕ್ಸರ್ ನಡದಿತ್ತು" ಎಂದ. ಇದನ್ನು ಸಮಾಧಾನಕ್ಕೆ ಹೇಳಿದನೋ, ನಿಜವೇ ಹಾಗಿತ್ತೋ, ನಾನು ಕೇಳಲಿಲ್ಲ. ನಾನು ಕೆರೆಯ ಕಡೆಗೆ ಮುಖ ಮಾಡಿ ನಿಂತೆ.

ಸೋಮವಾರ ಶಾಲೆಯಲ್ಲಿ ಭಾಗ್ಯಶ್ರೀ ತನ್ನ ಸಾಲುಗಳನ್ನು ಮತ್ತೆ ಬೋರ್ಡಿನ ಮೇಲೆ ಬರೆಯಿರಿ ಎಂದಳು. ಬರೆದೆ. ಡಸ್ಟರ್ ತೆಗೆದುಕೊಂಡು ನೆಲ ಹಾಸಿದ ಸಾಲನ್ನೂ ಗಾಡಿಯ ಸಾಲನ್ನೂ ಒರೆಸಿದಳು. "ಇವು ತಪ್ಪರಿ" ಎಂದಳು. ಮೊದಲ ಸಾಲಿನವರೆಗೆ ಡಸ್ಟರ್ ಒಯ್ದು, ಅದನ್ನು ಹಾಗೆಯೇ ಬಿಟ್ಟಳು. ಆಮೇಲೆ ಕೇಳಿದಳು:

"ಕೂಗಬೇಕಂದ್ರೂ ಧ್ವನಿ ಬರಲಿಲ್ಲಂದ್ರ ಅದಕ್ಕ ಏನಂತಾರ್ರಿ?"

"ಬಾಯಿ ಕಟ್ಟೂದು ಅಂತಾರವ್ವ."

"ಅದನ್ನ ಬರೀರಿ. ನನ್ನ ಬಾಯಿ ಕಟ್ಟಿತ್ತು ಅಂತ."

ಅವಳು ತೋರಿಸಿದಲ್ಲಿ ಬರೆದೆ. ನೀರು ಕದಡಿದ ಸಾಲಿನ ಕೆಳಗೆ. ಅವಳು ಹಿಂದೆ ಸರಿದು ಪೂರ್ತಿ ಓದಿ, "ಈಗ ಪಾಠ ಆತೇನ್ರಿ?" ಎಂದಳು. ನಾನು "ಆತವ್ವ" ಎಂದೆ. ನೀರಿನ ತಳದ ಮನೆ ಇನ್ನೂ ಅಲ್ಲೇ ಇತ್ತು, ಆದರೂ ಎಂದೆ. ಸರಿ ಹೇಳಿದೆನೇ ಅಕ್ಕ? ನನಗೆ ಈಗಲೂ ತಿಳಿಯದು. ಶ್ರೀಲಕ್ಷ್ಮಿ ಮುಂದಿನ ತಿಂಗಳಿಗೆ ಹಕ್ಕಿಗಳ ವಿಷಯ ಕೊಟ್ಟಿದ್ದಾಳೆ. ಪದ್ಯ ಹುಡುಕುತ್ತಿದ್ದೇನೆ, ಒಂದೊಂದು ಸಾಲು ಓದುವಾಗಲೂ ಇದು ಯಾವ ಮಗುವಿಗೆ ಎಲ್ಲಿ ತಾಗೀತು ಎಂದು ಕೈ ತಡೆಯುತ್ತದೆ. ಆದರೆ ಭಾಗ್ಯಶ್ರೀ ಈಗ ನೀರು ಬೇಕಾದರೆ "ನೀರು ಬೇಕ್ರಿ" ಎನ್ನುತ್ತಾಳೆ. ನಿನ್ನೆ ಪಕ್ಕದ ಹುಡುಗನಿಗೆ "ಸುಮ್ಮ ಯಾಕ ತಲಿ ಕದಡಾಕತ್ತಿಯೋ" ಎಂದು ಬೈದಳು. ತಿದ್ದಲಿಲ್ಲ.

ಬಿಸಿಲು ಏರುವ ಮುಂಚೆ ಒಮ್ಮೆ ಇಲ್ಲಿಗೆ ಬಂದು ಹೋಗಿ. ಮಕ್ಕಳು ನಿಮ್ಮನ್ನು ನೋಡಬೇಕು. ನಿಮ್ಮ ಕೈ ನನ್ನ ತಲೆಯ ಮೇಲೆ ಇರುವಷ್ಟು ದಿನ ನಾನು ಗಟ್ಟಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇಂತು ನಿಮ್ಮ ಮಗಳಂಥ
ಶಿವದೇವಿ

ತಾ.ಕ.: ವೈಜನಾಥರ ಸುದ್ದಿ ಒಂದು ಸಾಲೂ ಇಲ್ಲವಲ್ಲ ಎಂದು ಎರಡೂ ಕಾಗದದಲ್ಲಿ ಕೇಳಿದ್ದೀರಿ. ಇಷ್ಟುದ್ದ ಬರೆದು ಸಹಿಯನ್ನೂ ಹಾಕಿ, ಈಗ ಬರೆಯುತ್ತಿದ್ದೇನೆ. ದಸರೆ ಮುಗಿದ ಮೇಲೆ ನನ್ನ ಗಂಡ ಮನೆ ಬಿಟ್ಟಿದ್ದಾರೆ ಅಕ್ಕ. ಇದೇ ಊರಲ್ಲಿದ್ದಾರೆ, ಬೇರೊಬ್ಬಳ ಜೊತೆ. ಮಗಳು ನಿಖಿತಾಳಿಗೆ, ಅಪ್ಪನನ್ನು ಕಂಪನಿಯವರು ಸೋಲಾಪುರಕ್ಕೆ ಕಳಿಸಿದ್ದಾರೆ ಎಂದು ಹೇಳಿಕೊಂಡು ಬಂದಿದ್ದೆ. ಮೌನಪ್ಪನಿಗೆ ನಾನು ಏನೂ ಹೇಳಲಾಗದೆ ಇದ್ದದ್ದು ಯಾಕೆಂದು ನಿಮಗೆ ಈಗ ತಿಳಿಯಬಹುದು. ಕೆರೆಯ ದಂಡೆಯಿಂದ ಮನೆಗೆ ಬಂದ ಸಂಜೆ ನಿಖಿತಾಳನ್ನು ಹತ್ತಿರ ಕೂಡಿಸಿಕೊಂಡು, ಹಂಪಮ್ಮ ಹೇಳಿದ ಹಾಗೆ, ಸಣ್ಣ ಮಾತುಗಳಲ್ಲಿ ಹೇಳಿದೆ. ಅವಳು ನನ್ನ ಕೈಬಳೆ ತಿರುವುತ್ತಾ ಕೇಳಿಸಿಕೊಂಡಳು. ಆಮೇಲೆ ಹೇಳಿದಳು: "ನನಗ ಗೊತ್ತೈತಿ ಅಮ್ಮ. ದೀಪಾವಳಿ ಮುಂದ ಮೆಟ್ರೊದಾಗ ಅವರಿಬ್ಬರನ್ನೂ ನೋಡೀನಿ. ನಿನಗ ಗೊತ್ತಿಲ್ಲ ಅಂದ್ಕೊಂಡು ಸುಮ್ಮನಿದ್ದೆ."